ಸನ್ನದಿಗೆ ಮುಂಚೆ, ಸನ್ನದು ಬಂದ ಹೊಸತರಲ್ಲಿ: ಹೊಸ ಕಾನೂನು ಪದವೀಧರರ ಪ್ರಶ್ನೆಗಳು

ಕೊನೆಯ ಸೆಮಿಸ್ಟರ್ ಮುಗಿದ ಮೇಲೆ ಸ್ವಂತ ಕಕ್ಷಿದಾರರು ಸಿಗುವವರೆಗಿನ ತಿಂಗಳುಗಳಲ್ಲಿ ಯಾವ ತಾತ್ಕಾಲಿಕ ಕೆಲಸ ಹಿಡಿಯಬಹುದು, ಯಾವುದು ಸಲ್ಲದು ಎಂದು ಕೇಳಿ ಈ ಬಾರಿ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಆರಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಮೂರು ವರ್ಷದ ಎಲ್‌ಎಲ್.ಬಿ. ಫಲಿತಾಂಶ ಬಂದಿದೆ. ಎನ್‌ರೋಲ್ ಆಗಲು ಇನ್ನೂ ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಮನೆಯಲ್ಲಿ ಸುಮ್ಮನೆ ಕೂರುವ ಸ್ಥಿತಿ ಇಲ್ಲ. ಊರಿನ ವಕೀಲರೊಬ್ಬರು, ‘ಕೋಟು ಹಾಕ್ಕೊಂಡು ಬಂದು ಡೇಟ್ ತಗೊಂಡು ಹೋಗಪ್ಪ, ಸಾಕು, ದಿನಕ್ಕಿಷ್ಟು ಕೊಡ್ತೀನಿ’ ಅನ್ನುತ್ತಾರೆ. ಹೋಗಬಹುದೇ ಸರ್?
— ಓದುಗ, ರಾಣೆಬೆನ್ನೂರು

ಉತ್ತರ: ಹೋಗಬೇಡಿ. ಎನ್‌ರೋಲ್ ಆಗದವರು (ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ ಸನ್ನದು ಪಡೆಯದವರು) ವಕೀಲಿ ನಡೆಸುವಂತಿಲ್ಲ ಎಂದು 1961ರ ವಕೀಲರ ಕಾಯ್ದೆಯ 29 ಮತ್ತು 33ನೇ ಕಲಂ ಹೇಳುತ್ತವೆ. ಮೀರಿದರೆ 45ನೇ ಕಲಂ ಅಡಿ ಆರು ತಿಂಗಳವರೆಗೆ ಸೆರೆವಾಸ. ಡೇಟ್ ತೆಗೆದುಕೊಳ್ಳುವುದು ಎಷ್ಟೇ ಸಣ್ಣ ಕೆಲಸವಾಗಿ ಕಂಡರೂ ಕಕ್ಷಿದಾರರ ಪರ ಹಾಜರಾದಂತೆಯೇ. ಎದುರು ವಕೀಲರು ಅದನ್ನು ನ್ಯಾಯಾಧೀಶರ ಗಮನಕ್ಕೆ ತಂದರೆ ನಿಮ್ಮ ಎನ್‌ರೋಲ್‌ಮೆಂಟ್ ಅರ್ಜಿಗೇ ತೊಡಕು. ಕೋರ್ಟಿನ ಹೊರಗಾದರೆ ಅಡ್ಡಿಯಿಲ್ಲ ಎಂದುಕೊಳ್ಳುವವರೂ ಇದ್ದಾರೆ, ಅದೂ ತಪ್ಪು. ಕಾನೂನು ಸಲಹೆ ಕೊಡುವುದು, ಅಭಿಪ್ರಾಯ ಬರೆಯುವುದು ಕೂಡ ವಕೀಲಿಯೇ ಎಂದು ವಿದೇಶಿ ಲಾ ಫರ್ಮುಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ವಕಾಲತ್ತಿಗೆ ಸಹಿ, ನಿಮ್ಮ ಹೆಸರಿನ ಲೀಗಲ್ ನೋಟಿಸು, ನಿಮ್ಮ ಸಹಿಯ ಒಪೀನಿಯನ್, ಈ ಮೂರರ ತಂಟೆಗೆ ಈಗ ಹೋಗಬೇಡಿ.

ಸಹಿಯೂ ಹೊಣೆಯೂ ಸನ್ನದು ಇದ್ದ ವಕೀಲರದೇ ಆಗಿರುವ ಕೆಲಸ ಎಷ್ಟಾದರೂ ಮಾಡಬಹುದು. ದಾವೆಯ ಕರಡು ಬರೆದುಕೊಡುವುದು, ತೀರ್ಪುಗಳನ್ನು ಹುಡುಕಿ ಟಿಪ್ಪಣಿ ಮಾಡುವುದು, ಹಳೆಯ ಫೈಲಿನಿಂದ ದಿನಾಂಕವಾರು ಘಟನಾಪಟ್ಟಿ ತಯಾರಿಸುವುದು, ಸಾಕ್ಷಿ ಹೇಳಿಕೆಗಳನ್ನು ಕನ್ನಡದಿಂದ ಇಂಗ್ಲಿಷಿಗೆ ತರುವುದು, ಇ-ಫೈಲಿಂಗ್‌ಗೆ ಕಾಗದ ಸ್ಕ್ಯಾನ್ ಮಾಡಿ ಪುಟಸಂಖ್ಯೆ ಹಾಕಿ ಬುಕ್‌ಮಾರ್ಕ್ ಇಡುವುದು, ಇವೆಲ್ಲ ಸೇರುತ್ತವೆ. ಅನುವಾದಕ್ಕೆ ವಿಶೇಷ ಬೇಡಿಕೆ ಇದೆ. ತಾಲ್ಲೂಕು ಕೋರ್ಟಿನ ಕನ್ನಡ ದಾಖಲೆ ಸುಪ್ರೀಂ ಕೋರ್ಟಿಗೆ ಹೋಗಬೇಕಾದರೆ ಇಂಗ್ಲಿಷ್ ಆಗಲೇಬೇಕು, ಹಳೆಯ ಕ್ರಯಪತ್ರದ ಕೈಬರಹ ಓದಬಲ್ಲವರು ಕಡಿಮೆ. ದರವನ್ನು ಪುಟಕ್ಕೆ ಇಷ್ಟು ಎಂದು ಮಾತಾಡುವಾಗ ಪುಟವೆಂದರೆ ಎಷ್ಟು ಪದ ಎಂಬುದನ್ನೂ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಒತ್ತೊತ್ತಾಗಿ ಬರೆದ ಹಳೆಯ ಪತ್ರದ ಒಂದು ಪುಟ ಟೈಪ್ ಮಾಡಿದರೆ ಮೂರು ಪುಟವಾಗುತ್ತದೆ.

ಮೇಲ್ಮನವಿಯ ಘಟನಾಪಟ್ಟಿ ಮಾಡುವಾಗ ಹೊಸಬರು ಎಡವುವ ಜಾಗ ದೃಢೀಕೃತ ನಕಲಿನ ಕೊನೆಯ ಪುಟ. ಅಲ್ಲಿ ನಕಲಿಗೆ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಕೈಗೆ ಕೊಟ್ಟ ದಿನ ಎಂದು ಬೇರೆಬೇರೆ ದಿನಾಂಕ ಇರುತ್ತವೆ. ಡಿಕ್ರಿಯ (ಸಿವಿಲ್ ದಾವೆಯ ತೀರ್ಮಾನದ ಆದೇಶದ) ಮೇಲೆ ಹೈಕೋರ್ಟಿಗೆ ಮೇಲ್ಮನವಿ ಹಾಕಲು 90 ದಿನ, ಜಿಲ್ಲಾ ಕೋರ್ಟಿಗೆ 30 ದಿನ. ಈ ಲೆಕ್ಕದಿಂದ ಕಳೆಯುವುದು ನಕಲು ತಯಾರಾಗಲು ಬೇಕಾದ ಅವಧಿಯನ್ನು ಮಾತ್ರ. ಸಿದ್ಧವಾಗಿದ್ದ ನಕಲನ್ನು ಹತ್ತು ದಿನ ಬಿಟ್ಟು ತಂದಿದ್ದರೆ ಆ ಹತ್ತು ದಿನ ಕಳೆಯುವಂತಿಲ್ಲ. ಮೂರನೇ ದಿನಾಂಕ ಹಿಡಿದು ಲೆಕ್ಕ ಹಾಕಿ ‘ಇನ್ನೂ ವಾಯಿದೆ ಇದೆ’ ಎಂದು ಪಟ್ಟಿ ಕೊಟ್ಟರೆ ಮೇಲ್ಮನವಿ ತಡವಾಗಿ, ಮನ್ನಾ ಕೋರುವ ಅರ್ಜಿಯನ್ನೂ ಹಾಕಬೇಕಾಗುತ್ತದೆ.

ಇದರ ಜೊತೆಗೆ ಎನ್‌ರೋಲ್‌ಮೆಂಟ್ ಅರ್ಜಿಯನ್ನು ಇವತ್ತೇ ತಯಾರು ಮಾಡಿ. ಕಾಯ್ದೆಯ ಪ್ರಕಾರ ಶುಲ್ಕ ರಾಜ್ಯ ಪರಿಷತ್ತಿಗೆ 600, ಭಾರತೀಯ ವಕೀಲರ ಪರಿಷತ್ತಿಗೆ 150, ಒಟ್ಟು 750 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 125. ಇದಕ್ಕಿಂತ ಹೆಚ್ಚು ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತೀರ್ಪು ಕೊಟ್ಟಿತು. ‘ಐಚ್ಛಿಕ’ ಎಂಬ ಹೆಸರಿನಲ್ಲೂ ಸಂಗ್ರಹಿಸುವಂತಿಲ್ಲ ಎಂದು 2025ರ ಆಗಸ್ಟ್‌ನಲ್ಲಿ ಕರ್ನಾಟಕದ್ದೇ ಪ್ರಕರಣದಲ್ಲಿ ಮತ್ತೆ ಹೇಳಿತು. ಎಐಬಿಇ (ವಕೀಲರಿಗೆ ನಡೆಸುವ ಅಖಿಲ ಭಾರತ ಅರ್ಹತಾ ಪರೀಕ್ಷೆ) ಕನ್ನಡದಲ್ಲೂ ಬರೆಯಬಹುದು: 100 ಪ್ರಶ್ನೆ, ತಪ್ಪಿಗೆ ಅಂಕ ಕಡಿತವಿಲ್ಲ. ಸಾಮಾನ್ಯ ವರ್ಗಕ್ಕೆ 45, ಪರಿಶಿಷ್ಟರಿಗೆ 40 ಅಂಕ ಬೇಕು. ಟಿಪ್ಪಣಿ ಇಲ್ಲದ ಬೇರ್ ಆಕ್ಟ್ (ಕಾಯ್ದೆಯ ಮೂಲಪಾಠವಷ್ಟೇ ಇರುವ ಪುಸ್ತಕ) ಒಯ್ಯಬಹುದು. ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ ಪುಸ್ತಕ ಒಯ್ದು ಬಾಗಿಲಲ್ಲೇ ಕಳೆದುಕೊಳ್ಳಬೇಡಿ.

ಪ್ರಶ್ನೆ: ಎನ್‌ರೋಲ್ ಆಗಿ ನಾಲ್ಕು ತಿಂಗಳಾಗಿದೆ. ಬೆಂಗಳೂರಿನ ಎಲ್‌ಪಿಒ (ಕಾನೂನು ಕೆಲಸವನ್ನು ಹೊರಗುತ್ತಿಗೆಯಲ್ಲಿ ಮಾಡಿಕೊಡುವ) ಕಂಪನಿಯೊಂದರಲ್ಲಿ ಆರು ತಿಂಗಳ ಡಾಕ್ಯುಮೆಂಟ್ ರಿವ್ಯೂ ಕೆಲಸ ಸಿಕ್ಕಿದೆ. ಮುಂದೆ ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯುವ ಆಸೆ ನನ್ನದು. ಸನ್ನದಿಗೆ ಏನಾದರೂ ತೊಂದರೆಯೇ?
— ಓದುಗಿ, ವಿಜಯನಗರ, ಬೆಂಗಳೂರು

ಉತ್ತರ: ತೊಂದರೆ ಇದೆ, ಎರಡು ಕಡೆಯಿಂದ.

ಮೊದಲನೆಯದು ವಕೀಲರ ಪರಿಷತ್ತಿನ ನಿಯಮ 49. ವಕೀಲಿ ನಡೆಸುವವರು ಪೂರ್ಣಾವಧಿಯ ಸಂಬಳದ ನೌಕರಿಯಲ್ಲಿ ಇರುವಂತಿಲ್ಲ. ಸೇರಿದರೆ ಪರಿಷತ್ತಿಗೆ ತಿಳಿಸಿ ವೃತ್ತಿ ನಿಲ್ಲಿಸಬೇಕು. ನಿಮಗೆ ಬಂದಿರುವ ಪತ್ರವನ್ನು ಈ ಕಣ್ಣಿನಿಂದ ಓದಿ. ಹಾಜರಾತಿ, ನಿಗದಿತ ಪಾಳಿ, ತಿಂಗಳ ಸಂಬಳ, ಪಿ.ಎಫ್. ಕಡಿತ ಇದ್ದರೆ ಅದು ನೌಕರಿ. ಮೇಲ್ಗಡೆ ‘ಕನ್ಸಲ್ಟೆಂಟ್’ ಎಂದು ಬರೆದು ಒಳಗೆ ದಿನಕ್ಕೆ ಒಂಬತ್ತು ಗಂಟೆ ಕೂರಿಸಿದರೂ ನೌಕರಿಯೇ. ಅಂಥ ಪತ್ರಕ್ಕೆ ಸಹಿ ಹಾಕುವುದಾದರೆ ಸನ್ನದನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಡಲು ಅರ್ಜಿ ಕೊಟ್ಟೇ ಸೇರಿ. ಬಿಡುವಾಗ ರಿಲೀವಿಂಗ್ ಲೆಟರ್ ತಪ್ಪದೆ ಪಡೆಯಿರಿ, ಮತ್ತೆ ವೃತ್ತಿಗೆ ಮರಳಲು ಅದು ಬೇಕಾಗುತ್ತದೆ. ತಿಳಿಸದೆ ಸೇರಿ, ನಡುವೆ ಶನಿವಾರ ಕೋರ್ಟಿಗೆ ಹೋಗಿ ಬರುವವರಿದ್ದಾರೆ. ಅದು ವೃತ್ತಿದುರ್ನಡತೆ.

ಎರಡನೆಯದು ನಿಮ್ಮ ಆಸೆಗೆ ಸಂಬಂಧಿಸಿದ್ದು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷದ ವಕೀಲಿ ಬೇಕೆಂಬ ನಿಯಮವನ್ನು ಸುಪ್ರೀಂ ಕೋರ್ಟ್ 2025ರ ಮೇ 20ರ ತೀರ್ಪಿನಲ್ಲಿ ಮರಳಿ ತಂದಿದೆ. ತಾತ್ಕಾಲಿಕ ಎನ್‌ರೋಲ್‌ಮೆಂಟ್ ದಿನದಿಂದಲೇ ಲೆಕ್ಕ ಶುರು. ಆ ಅನುಭವಕ್ಕೆ ಪ್ರಧಾನ ನ್ಯಾಯಿಕ ಅಧಿಕಾರಿಯ ಪ್ರಮಾಣಪತ್ರ ಬೇಕು, ಇಲ್ಲವೇ ಹತ್ತು ವರ್ಷ ಪೂರೈಸಿದ ವಕೀಲರು ಕೊಟ್ಟ ಪತ್ರಕ್ಕೆ ಆ ಅಧಿಕಾರಿಯ ಮೇಲುರುಜು ಬೇಕು. ನ್ಯಾಯಮೂರ್ತಿಗಳ ಬಳಿ ಲಾ ಕ್ಲರ್ಕ್ ಆಗಿ ಮಾಡಿದ ಕೆಲಸವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಸನ್ನದು ಅಮಾನತಿನಲ್ಲಿಟ್ಟು ಕಂಪನಿಯಲ್ಲಿ ಕಳೆದ ಆರು ತಿಂಗಳು ವಕೀಲಿ ಎನ್ನಿಸಿಕೊಳ್ಳುವುದಿಲ್ಲ. ನಿಮ್ಮ ಜಾಗದಲ್ಲಿ ನ್ಯಾಯಾಧೀಶರಾಗುವ ಗುರಿ ಗಟ್ಟಿಯಿದ್ದವರಿಗೆ ನಾವು ಈ ಕೆಲಸ ಬೇಡ ಎಂದೇ ಹೇಳುತ್ತೇವೆ. ಹಣದ ತುರ್ತು ಇದ್ದರೆ ನಿಯಮ 51 ಒಪ್ಪಿರುವ ದಾರಿಗಳಿವೆ: ಕಾನೂನು ಪಠ್ಯಪುಸ್ತಕಗಳ ಸಂಪಾದನೆ, ಕಾನೂನು ಪರೀಕ್ಷೆಗಳಿಗೆ ಪಾಠ ಹೇಳುವುದು, ಪ್ರಶ್ನೆಪತ್ರಿಕೆ ತಯಾರಿ ಮತ್ತು ಮೌಲ್ಯಮಾಪನ, ಪತ್ರಿಕೆಗಳಿಗೆ ಅಚ್ಚಿಗೆ ಮುಂಚಿನ ಕಾನೂನು ಪರಿಶೀಲನೆ. ಇವನ್ನು ಸನ್ನದು ಬಿಡದೆಯೇ ಮಾಡಬಹುದು.

ಗುರಿ ಬೇರೆಯಾಗಿದ್ದು ಕಾರ್ಪೊರೇಟ್ ಕಡೆ ಹೋಗುವವರಿಗೆ ಡಾಕ್ಯುಮೆಂಟ್ ರಿವ್ಯೂ ಕೆಟ್ಟ ಕೆಲಸವಲ್ಲ. ಹೆಚ್ಚಾಗಿ ವಿದೇಶದ ವ್ಯಾಜ್ಯಗಳ ಇ-ಮೇಲ್ ರಾಶಿಯನ್ನು ಪರದೆಯ ಮೇಲೆ ಒಂದೊಂದಾಗಿ ತೆರೆದು, ವಿಷಯಕ್ಕೆ ಸಂಬಂಧಿಸಿದ್ದೇ, ವಕೀಲ-ಕಕ್ಷಿದಾರರ ಗೋಪ್ಯತೆಗೆ ಒಳಪಟ್ಟಿದ್ದೇ ಎಂದು ಗುರುತು ಹಾಕುವುದು ಇಲ್ಲಿನ ಕೆಲಸ. ಗಂಟೆಗೆ 40–50 ದಾಖಲೆಯ ವೇಗ ನಿರೀಕ್ಷಿಸುವುದು ಸಾಮಾನ್ಯ. ತಪ್ಪಾಗುವುದು ಗೋಪ್ಯತೆಯ ಗುರುತಿನಲ್ಲಿ. ಪ್ರತಿ ಪಡೆದವರ (ಸಿ.ಸಿ.) ಸಾಲಿನಲ್ಲಿ ವಕೀಲರ ಹೆಸರು ಕಂಡ ಕೂಡಲೇ ಗೋಪ್ಯ ಎಂದು ಒತ್ತುತ್ತಾರೆ. ಆ ಪತ್ರದಲ್ಲಿ ಕಾನೂನು ಸಲಹೆ ಕೇಳಿದ್ದಾರೆಯೇ, ಕೊಟ್ಟಿದ್ದಾರೆಯೇ ಎಂಬುದನ್ನು ನೋಡಬೇಕು. ಊಟದ ಸಭೆಯ ಆಹ್ವಾನದಲ್ಲಿ ವಕೀಲರ ಹೆಸರು ಇದ್ದ ಮಾತ್ರಕ್ಕೆ ಅದು ಗೋಪ್ಯವಾಗದು. ಉಲ್ಟಾ ತಪ್ಪು ಇನ್ನೂ ದುಬಾರಿ: ವಕೀಲರ ಸಲಹೆಯನ್ನು ಮ್ಯಾನೇಜರೊಬ್ಬರು ತಮ್ಮ ಮಾತಿನಲ್ಲಿ ಸಹೋದ್ಯೋಗಿಗೆ ಬರೆದಿದ್ದರೆ ವಕೀಲರ ಹೆಸರು ವಿಳಾಸದಲ್ಲಿ ಎಲ್ಲೂ ಇರುವುದಿಲ್ಲ, ಆದರೂ ಅದು ಗೋಪ್ಯವಾಗಿರಬಹುದು.

ಕರಾರಿನಲ್ಲಿ ನೋಡಬೇಕಾದ್ದು: ಕಕ್ಷಿದಾರರು ರಾಜಿಯಾದರೆ ಪ್ರಾಜೆಕ್ಟ್ ರಾತ್ರೋರಾತ್ರಿ ನಿಲ್ಲುತ್ತದೆ, ಆಗ ಎಷ್ಟು ದಿನದ ಹಣ ಕೊಡುತ್ತಾರೆ, ನೀವು ಮಧ್ಯೆ ಬಿಟ್ಟರೆ ದಂಡ ಇದೆಯೇ, ರಾತ್ರಿ ಪಾಳಿಗೆ ವಾಹನ ಇದೆಯೇ. ವೃತ್ತಿಪರ ಶುಲ್ಕ ಎಂದು ಕೊಡುವುದಾದರೆ ವರ್ಷಕ್ಕೆ 50,000 ದಾಟಿದಾಗ 10% ಟಿಡಿಎಸ್ ಹಿಡಿಯುತ್ತಾರೆ. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ಮರಳಿ ಪಡೆಯಿರಿ. ಹೊಸಬರಲ್ಲಿ ಬಹಳ ಜನ ಈ ದುಡ್ಡನ್ನು ಸುಮ್ಮನೆ ಬಿಟ್ಟುಬಿಡುತ್ತಾರೆ.

ಪ್ರಶ್ನೆ: ಬ್ಯಾಂಕಿನ ಪ್ಯಾನಲ್ ವಕೀಲರೊಬ್ಬರು ಟೈಟಲ್ ಸರ್ಚ್ (ಸ್ವತ್ತಿನ ಹಕ್ಕು ಪರಿಶೀಲನೆ) ಕೆಲಸವನ್ನು ರಿಪೋರ್ಟಿಗೆ ಇಷ್ಟು ಎಂದು ಕೊಡುತ್ತಿದ್ದಾರೆ. ನಾನು ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆದು, ಪಹಣಿ ನೋಡಿ ಬರೆದುಕೊಡುತ್ತೇನೆ. ಹೆಚ್ಚಿನವು ‘ಸಾಲದು’ ಎಂದು ವಾಪಸ್ ಬರುತ್ತಿವೆ. ಎಲ್ಲಿ ತಪ್ಪುತ್ತಿದ್ದೇನೆ?
— ಓದುಗ, ತುಮಕೂರು

ಉತ್ತರ: ಇ.ಸಿ.ಯಿಂದ ಶುರು ಮಾಡುವುದೇ ಮೊದಲ ತಪ್ಪು ಇರಬಹುದು. ಈಗಿನ ಮಾಲೀಕರ ಕ್ರಯಪತ್ರ ಕೈಗೆ ತೆಗೆದುಕೊಂಡು, ಅದರಲ್ಲಿ ‘ನನಗೆ ಈ ಸ್ವತ್ತು ಹೀಗೆ ಬಂತು’ ಎಂದು ಮಾರಿದವರು ಹೇಳಿರುವ ಪ್ಯಾರಾ ಹುಡುಕಿ. ಅಲ್ಲಿಂದ ಹಿಂದಿನ ಪತ್ರಕ್ಕೆ, ಅಲ್ಲಿಂದ ಇನ್ನೂ ಹಿಂದಕ್ಕೆ ಹೋಗಿ ಕನಿಷ್ಠ 30 ವರ್ಷದ ಸರಪಳಿ ಕಟ್ಟಿ. ಇ.ಸಿ. ಬೇಕಾಗುವುದು ಆ ಸರಪಳಿ ಸರಿಯೇ ಎಂದು ತಾಳೆ ನೋಡಲು. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ ಆನ್‌ಲೈನ್ ಇ.ಸಿ. ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಅರ್ಜಿ ಹಾಕಬೇಕು. ಆನ್‌ಲೈನಿನದ್ದಷ್ಟೇ ಲಗತ್ತಿಸಿ ‘30 ವರ್ಷ ಪರಿಶೀಲಿಸಿದೆ’ ಎಂದು ಬರೆದ ರಿಪೋರ್ಟು ವಾಪಸ್ ಬರಲೇಬೇಕು.

ಎರಡನೆಯದು ಸರ್ವೆ ನಂಬರು. ಉದಾಹರಣೆಗೆ ಜಮೀನು ಈಗ 42/3. ಪೋಡಿ (ಸರ್ವೆ ನಂಬರಿನ ವಿಭಜನೆ) ಆಗುವ ಮುಂಚೆ ಅದು ಬರೀ 42. ನೀವು 42/3 ಎಂದು ಮಾತ್ರ ಇ.ಸಿ. ಕೇಳಿದರೆ, ಪೋಡಿಗೆ ಮುಂಚೆ 42ರ ಮೇಲೆ ಬರೆದ ಅಡಮಾನ ಅದರಲ್ಲಿ ಬರುವುದಿಲ್ಲ. ಇ.ಸಿ. ಖಾಲಿ ಬಂತೆಂದು ಸಮಾಧಾನಪಡುವ ಮೊದಲು ಪೋಡಿ ಆದ ವರ್ಷ ಪತ್ತೆ ಮಾಡಿ, ಅದರ ಹಿಂದಿನ ಅವಧಿಗೆ ಹಳೆಯ ನಂಬರಿನ ಮೇಲೆ ಬೇರೆ ಇ.ಸಿ. ತೆಗೆಸಿ. ಎರಡನ್ನೂ ಚಕ್ಕುಬಂದಿಯಿಂದ ತಾಳೆ ಹಾಕಿ. ನಂಬರು ಬದಲಾದರೂ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ರಸ್ತೆ ಹಾಗೇ ಇರುತ್ತವೆ.

ವಿಸ್ತೀರ್ಣವನ್ನು ಕೂಡಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ತಾಯಿಪತ್ರದಲ್ಲಿ 2 ಎಕರೆ 10 ಗುಂಟೆ ಇದ್ದರೆ ಒಟ್ಟು 90 ಗುಂಟೆ. ಅದರಲ್ಲಿ ಒಬ್ಬರಿಗೆ 35 ಗುಂಟೆ, ಇನ್ನೊಬ್ಬರಿಗೆ 1 ಎಕರೆ, ಮೂರನೆಯವರಿಗೆ 20 ಗುಂಟೆ ಮಾರಾಟವಾಗಿದ್ದರೆ 95 ಆಯಿತು. ಇಲ್ಲದ 5 ಗುಂಟೆ ಯಾರಿಗೋ ಮಾರಿದ್ದಾರೆ, ಕೊನೆಗೆ ಕೊಂಡವರೇ ನಿಮ್ಮ ಬ್ಯಾಂಕಿನ ಸಾಲಗಾರ ಆಗಿರುವ ಸಂಭವ ಹೆಚ್ಚು. ಖರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟು, ‘ಅ’ ಖರಾಬೋ ‘ಬ’ ಖರಾಬೋ ಎಂದು ಪಹಣಿಯಲ್ಲಿ ನೋಡಿ ಬರೆಯಿರಿ. ‘ಬ’ ಸಾರ್ವಜನಿಕ ಬಳಕೆಯದು, ಅದನ್ನು ಅಡವಿಡುವಂತಿಲ್ಲ.

ಪಹಣಿಯಲ್ಲಿ ಹೆಸರಿರುವ 9ನೇ ಕಾಲಂ ನೋಡಿ ಮುಚ್ಚಬೇಡಿ. 10ರಲ್ಲಿ ಸ್ವಾಧೀನ ಬಂದ ರೀತಿ ಮತ್ತು ಎಂ.ಆರ್. (ಹಕ್ಕು ಬದಲಾವಣೆಯ ಮ್ಯುಟೇಷನ್ ದಾಖಲೆ) ನಂಬರು, 11ರಲ್ಲಿ ಹಕ್ಕು ಮತ್ತು ಋಣ ಇರುತ್ತದೆ. ಸೊಸೈಟಿ ಸಾಲ ಅಲ್ಲಿ ಕಾಣಬಹುದು. ಎಂ.ಆರ್. ಪ್ರತಿಯನ್ನೇ ತೆಗೆಸಿ ಓದಿ. ‘ಪೌತಿ’ (ಖಾತೆದಾರರ ಮರಣದ ನಂತರದ ಬದಲಾವಣೆ) ಎಂದು ಒಬ್ಬ ಮಗನ ಹೆಸರಿಗೆ ಖಾತೆ ಆಗಿದ್ದರೆ ಉಳಿದ ಮಕ್ಕಳು ಎಲ್ಲಿ ಎಂದು ಕೇಳಿ ವಂಶವೃಕ್ಷ ತರಿಸಿ. ಹೆಣ್ಣುಮಕ್ಕಳ ಪಾಲು ಬಿಟ್ಟು ಆದ ವಿಭಾಗವಾದರೆ ಅದು 2004ರ ಡಿಸೆಂಬರ್ 20ಕ್ಕೆ ಮುಂಚಿನ ನೋಂದಾಯಿತ ವಿಭಾಗವೇ ಎಂಬುದೇ ಮುಖ್ಯ ಪ್ರಶ್ನೆ. ಆ ದಿನಾಂಕದ ಆಚೀಚೆ ಉತ್ತರ ಬದಲಾಗುತ್ತದೆ.

ಇ.ಸಿ.ಯಲ್ಲಿ ಬಾರದವುಗಳ ಬಗ್ಗೆ ರಿಪೋರ್ಟಿನಲ್ಲಿ ಒಂದು ಪ್ಯಾರಾ ಇಡಿ: ನೋಂದಣಿಯಾಗದ ಕ್ರಯದ ಕರಾರು, ಬಾಯಿಮಾತಿನ ವಿಭಾಗ, ನೋಂದಣಿಯಾಗದ ಮರಣಶಾಸನ, ನಡೆಯುತ್ತಿರುವ ದಾವೆ. ದಾವೆಯನ್ನು ಇ-ಕೋರ್ಟ್ಸ್ ತಾಣದಲ್ಲಿ ಪಕ್ಷಕಾರರ ಹೆಸರಿನಿಂದ ಹುಡುಕಿ, ಹೆಸರಿನ ಎರಡು-ಮೂರು ಸ್ಪೆಲ್ಲಿಂಗ್ ಹಾಕಿ ನೋಡಿ. ಮೂಲ ಮಂಜೂರಾತಿ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಆಗಿದ್ದರೆ ಅಲ್ಲೇ ನಿಲ್ಲಿ. 1978ರ ಪಿಟಿಸಿಎಲ್ ಕಾಯ್ದೆಯಡಿ (ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧಿಸುವ ಕಾಯ್ದೆ) ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಊರ್ಜಿತವಲ್ಲ. ಜಮೀನು ವಾಪಸ್ ಕೇಳಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಸೇರಿಸಿದೆ. ‘ಮಾರಾಟವಾಗಿ 40 ವರ್ಷ ಆಯಿತಲ್ಲ’ ಎಂಬ ಮಾತಿನ ಮೇಲೆ ರಿಪೋರ್ಟು ಬರೆಯಬೇಡಿ.

ಪ್ರತಿ ಪತ್ರಕ್ಕೂ ದಿನಾಂಕ, ನೋಂದಣಿ ಸಂಖ್ಯೆ, ಕಚೇರಿ, ಯಾರಿಂದ ಯಾರಿಗೆ, ವಿಸ್ತೀರ್ಣ ಹಾಗೂ ನೀವು ನೋಡಿದ್ದು ಮೂಲವೋ ನಕಲೋ ಎಂದು ಬರೆಯಿರಿ. ಸಿಗದ ಪತ್ರ ಸಿಕ್ಕಿಲ್ಲ ಎಂದೇ ಬರೆಯಿರಿ. ಕೊನೆಯ ಸಹಿ ಪ್ಯಾನಲ್ ವಕೀಲರದು. ಇ.ಸಿ. ಮತ್ತು ನಕಲಿನ ಖರ್ಚನ್ನು ನಿಮ್ಮ ದರದೊಳಗೆ ಸೇರಿಸಿಕೊಳ್ಳಬೇಡಿ, ಹಳೆಯ ಸರ್ವೆ ನಂಬರಿನ ಕೆಲಸ ಬಂದಾಗ ಖರ್ಚೇ ಸಂಭಾವನೆಯನ್ನು ತಿಂದುಬಿಡುತ್ತದೆ.

ಪ್ರಶ್ನೆ: ಕೋರ್ಟುಗಳೇ ಕೊಡುವ ಗುತ್ತಿಗೆ ಕೆಲಸಗಳು ಯಾವುವು?
— ಓದುಗ, ಕಲಬುರಗಿ

ಉತ್ತರ: ಹೈಕೋರ್ಟ್ ಕಾಲಕಾಲಕ್ಕೆ ಲಾ ಕ್ಲರ್ಕ್-ಕಂ-ರಿಸರ್ಚ್ ಅಸಿಸ್ಟೆಂಟ್‌ಗಳನ್ನು ಗುತ್ತಿಗೆ ಮೇಲೆ ತೆಗೆದುಕೊಳ್ಳುತ್ತದೆ, ಪ್ರಕಟಣೆ ಅದರ ಜಾಲತಾಣದಲ್ಲೇ ಬರುತ್ತದೆ. ಸುಪ್ರೀಂ ಕೋರ್ಟಿನಲ್ಲೂ ಇದೆ. 2025ರ ಪ್ರಕಟಣೆಯಲ್ಲಿ ತಿಂಗಳಿಗೆ 80,000 ರೂಪಾಯಿ ಇತ್ತು. ಬಹು ಆಯ್ಕೆ ಪ್ರಶ್ನೆ, ವಿವರಣಾತ್ಮಕ ಬರವಣಿಗೆ, ಸಂದರ್ಶನ ಎಂದು ಮೂರು ಹಂತ. ಎಡವುವುದು ಎರಡನೇ ಹಂತದಲ್ಲಿ. ದೊಡ್ಡ ಕಡತ ಕೊಟ್ಟು ಸಾರಾಂಶ ಕೇಳಿದಾಗ ಎಲ್ಲವನ್ನೂ ತುಂಬಿಸಲು ಹೋಗುತ್ತಾರೆ. ಯಾವುದಾದರೂ ತೀರ್ಪು ಹಿಡಿದು ಸಂಗತಿ, ಪ್ರಶ್ನೆ, ಎರಡೂ ಕಡೆಯ ವಾದ, ನಿರ್ಣಯ ಇಷ್ಟನ್ನು ಒಂದೇ ಪುಟದಲ್ಲಿ ಬರೆಯುವುದನ್ನು ದಿನಾ ರೂಢಿಸಿಕೊಳ್ಳಿ.

ಕ್ರಿಮಿನಲ್ ಕಡೆ ಒಲವಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ವಿಚಾರಿಸಿ. ನಾಲ್ಸಾದ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ) 2022ರ ಯೋಜನೆಯ ಪ್ರಕಾರ ಸಹಾಯಕ ಕಾನೂನು ನೆರವು ಅಭಿರಕ್ಷಕರ ಹುದ್ದೆಗೆ ಮೂರು ವರ್ಷದೊಳಗಿನ ಅನುಭವದವರೂ ಅರ್ಹರು. ಬಡ ಆರೋಪಿಗಳ ಪರ ಕೋರ್ಟಿನಲ್ಲೇ ನಿಲ್ಲುವ ಕೆಲಸ, ಪೂರ್ಣಾವಧಿ, ಖಾಸಗಿ ಕೇಸು ಹಿಡಿಯುವಂತಿಲ್ಲ. ಜಾಮೀನು ಅರ್ಜಿ, ರಿಮಾಂಡ್, ಪಾಟೀಸವಾಲು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಹೊಸಬರಿಗೆ ಸಿಗುವುದು ಕಷ್ಟ.

ಪ್ರಶ್ನೆ: ಸೀನಿಯರ್ ಆಫೀಸಿನಲ್ಲಿ ದುಡ್ಡು ಕೇಳುವುದು ಹೇಗೆ ಮೇಡಂ? ಕೇಳಿದರೆ ‘ಕಲಿಯೋಕೆ ಬಂದಿದ್ದೀಯಮ್ಮ’ ಅನ್ನುತ್ತಾರೆ.
— ಓದುಗಿ, ಪುತ್ತೂರು

ಉತ್ತರ: ಸೇರುವ ದಿನವೇ ಕೇಳಬೇಕು. ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನ ಸುತ್ತೋಲೆಯಲ್ಲಿ ಕಿರಿಯರಿಗೆ ತಿಂಗಳಿಗೆ ನಗರದಲ್ಲಿ 20,000, ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿ ಕೊಡಿ ಎಂದಿದೆ. ಅದು ಶಿಫಾರಸು, ಕಡ್ಡಾಯವಲ್ಲ. ಆದರೂ ಮಾತು ಎತ್ತಲು ಅದೊಂದು ಆಧಾರ. ಪೂರ್ತಿ ಸಿಗದಿದ್ದರೆ ಓಡಾಟದ ಖರ್ಚು, ಜೊತೆಗೆ ಕರಡಿಗೆ ಇಷ್ಟು ಎಂದು ಕೇಳಿ. ವಾರದಲ್ಲಿ ಎರಡು ಸಂಜೆ ಬೇರೆಯವರ ಅನುವಾದ ಅಥವಾ ಪಾಠದ ಕೆಲಸಕ್ಕೆ ಬಿಡುವು ಕೇಳಿಕೊಳ್ಳುವುದೂ ಒಂದು ಬಗೆಯ ಸಂಬಳವೇ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳು ಎನ್‌ರೋಲ್ ಆದ ಪದವೀಧರರಿಗೆ ತರಬೇತಿ ಭತ್ಯೆ ಕೊಡುತ್ತವೆ. ವಯಸ್ಸು, ಆದಾಯದ ಮಿತಿ ಇದೆ. ನಿಮ್ಮ ಜಿಲ್ಲಾ ಕಚೇರಿಯಲ್ಲಿ ಈ ಸಾಲಿನ ಅರ್ಜಿ ಯಾವಾಗ ಕರೆಯುತ್ತಾರೆ ಎಂದು ಮೊದಲೇ ಕೇಳಿಡಿ. ಜಾತಿ, ಆದಾಯ ಪ್ರಮಾಣಪತ್ರ ಆಗ ಮಾಡಿಸಲು ಹೋದರೆ ಗಡುವು ಮುಗಿದಿರುತ್ತದೆ.

ಪ್ರಶ್ನೆ: ಮನೆಯಲ್ಲೇ ಕೂತು ಕಾನೂನು ದಾಖಲೆ ಟೈಪ್ ಮಾಡುವ ಕೆಲಸ, ಸಾಫ್ಟ್‌ವೇರ್‌ಗೆ 5,000 ಠೇವಣಿ ಎಂದು ವಾಟ್ಸ್ಆ್ಯಪ್ ಸಂದೇಶ ಬಂದಿದೆ. ನಂಬಬಹುದೇ?
— ಓದುಗ, ಹೊಸಪೇಟೆ

ಉತ್ತರ: ಬೇಡ. ಕೆಲಸ ಕೊಡುವವರು ಠೇವಣಿ ಕೇಳುವುದಿಲ್ಲ. ಇವರ ಮುಂದಿನ ಹೆಜ್ಜೆಯೂ ಗೊತ್ತಿರಲಿ: ನೀವು ಮಾಡಿದ ಟೈಪಿಂಗಿನಲ್ಲಿ ತಪ್ಪಿದೆ, ಕರಾರು ಮುರಿದಿದ್ದೀರಿ, ಕೇಸು ಹಾಕುತ್ತೇವೆ ಎಂದು ನಕಲಿ ಲೀಗಲ್ ನೋಟಿಸು ಕಳಿಸಿ ಇನ್ನಷ್ಟು ಕೀಳುತ್ತಾರೆ. ಅಂಥ ನೋಟಿಸು ಬಂದರೆ ಅದರಲ್ಲಿರುವ ವಕೀಲರ ಎನ್‌ರೋಲ್‌ಮೆಂಟ್ ಸಂಖ್ಯೆಯನ್ನು ರಾಜ್ಯ ಪರಿಷತ್ತಿನಲ್ಲಿ ವಿಚಾರಿಸಿ. ಹಣ ಈಗಾಗಲೇ ಹೋಗಿದ್ದರೆ ಗಂಟೆಗಳ ಲೆಕ್ಕದಲ್ಲಿ ಓಡಬೇಕು. 1930ಕ್ಕೆ ಕರೆ ಮಾಡಿ ವ್ಯವಹಾರ ಸಂಖ್ಯೆ ಹೇಳಿ, ನಿಮ್ಮ ಬ್ಯಾಂಕಿಗೂ ಲಿಖಿತ ದೂರು ಕೊಡಿ. ಸಂದೇಶಗಳನ್ನು ಅಳಿಸಬೇಡಿ.